ನಲವತ್ತೊಂದನೇ ನಿಮಿಷದ ಹಕ್ಕಿ

ಡಿಸ್ಕು ಕೊಳ್ಳುವಾಗ ನನ್ನಕ್ಕ ನೆರೀನಾ
ಮುಖಪುಟ ನೋಡುವುದಿಲ್ಲ, ನಿರ್ದೇಶಕ ಯಾರೆಂದು ಕೇಳುವುದಿಲ್ಲ.
ಡಬ್ಬಿ ತಿರುವಿ, ಕನ್ನಡಕ ಹಣೆಗೇರಿಸಿ,
ಹಿಂಬದಿಯ ಇರುವೆಸಾಲಿನಲ್ಲಿ ಅವಳು ಹುಡುಕುವುದು ಒಂದೇ ಮಾತು:
ಕಿವಿ ಕೇಳದವರಿಗೆ ಅಡಿಬರಹ ಉಂಟೋ ಇಲ್ಲವೋ.
ಇಲ್ಲದಿದ್ದರೆ ಎಂಥ ಅಪರಂಜಿ ಚಿತ್ರವೂ
ವಾಪಸು ಬುಟ್ಟಿಗೆ.

ತ್ರಿಯೆಸ್ತೆಯ ಹಳೇ ಸಾಮಾನಿನ ಗಲ್ಲಿಯಲ್ಲಿ
ಮುದುಕ ಒದೋರಿಕೊ ಅವಳಿಗೆಂದೇ ಒಂದು ಪೆಟ್ಟಿಗೆ ಎತ್ತಿಡುತ್ತಾನೆ,
ಅವಳ ಬೇಕರಿಯ ಅಕ್ರೋಟಿನ ಸುರುಳಿ ರೊಟ್ಟಿಗೆ ಸೋತು.

ಮೊದಮೊದಲು ಬರೀ ಮೂಕಿ ಚಿತ್ರ.
ಅಲ್ಲಿ ಎಲ್ಲರೂ ನನ್ನ ಪೈಕಿ, ಎಂದಳು ಬೆರಳಲ್ಲಿ.
ಆಮೇಲೆ ಮಾತು ಬಂತು. ಮಾತಿನ ಬೆನ್ನಿಗೆ ಆವರಣ ಬಂತು.
(ಬಾಗಿಲ ಸದ್ದು)
(ದೂರದಲ್ಲಿ ನಾಯಿ)
ಅಕ್ಕ ಚಿತ್ರ ನಿಲ್ಲಿಸಿ ನನ್ನತ್ತ ತಿರುಗಿದಳು.
ಬಾಗಿಲ ಸದ್ದು ಅಂದರೆ ಎಂಥದ್ದು?

ನಾನು ಬಂದರಿನಲ್ಲಿ ಕಾಫಿ ಮೂಟೆ ತೂಗುವವನು.
ಕೇಜಿ ಕೇಳಿದರೆ ಹೇಳಿಯೇನು, ಸದ್ದು ತೂಗಿದವನಲ್ಲ.
ಆದರೂ ತುಟಿ ಓದಲೆಂದು ಬಾಯಿ ಬಿಟ್ಟೆ:
ಕಿರ್ರ್.
ದಡಾರ್ ಅಲ್ಲ, ಅದು ಜಗಳದ ಬಾಗಿಲು.
ಇದು ತಡವಾಗಿ ಮನೆಗೆ ಬಂದವನದ್ದು, ಕಿ...ರ್ರ್.
ಅವಳು ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟು
ಇನ್ನೊಮ್ಮೆ, ಅಂದಳು.

ಹಾಗೆ ಶುರುವಾಯಿತು ಚೀಟಿ.
ಅಡಿಬರಹ ಬರೆಯುವವರೂ ಸಂಬಳದವರೇ, ಪಾಪ,
ಎಷ್ಟೋ ಸದ್ದು ಅವರ ಕೈ ಜಾರುತ್ತವೆ.
ಅವಳು ಮಲಗಿದ ಮೇಲೆ ನಾನೊಬ್ಬನೇ ಕೂತು ಕೇಳುತ್ತಿದ್ದೆ.
ತೂಕದ ರಸೀದಿಯ ಹಿಂಬದಿಗೆ ಗೀಚಿ
ಡಬ್ಬಿಯೊಳಗೆ, ಡಿಸ್ಕಿನಡಿಗೆ:

೧೨: ಮುದುಕಿ ಬಟಾಣಿ ಸುಲಿಯುವುದು. ಟಪ್. ಟಪ್. ನಡುವೆ ಒಂದು ನಿಟ್ಟುಸಿರು.
೨೮: ಮಳೆ ಅಲ್ಲ, ಎಣ್ಣೆ. ಚೊಂಯ್.
೪೧: ಕಿಟಕಿಯಾಚೆ ಹಕ್ಕಿ. ಹೆಸರು ಗೊತ್ತಿಲ್ಲ. ಹುಡುಗ ತಲೆಯೆತ್ತುತ್ತಾನೆ.

ಆ ಹುಡುಗ ಸುಮ್ಮಸುಮ್ಮನೆ ಯಾಕೆ ತಲೆಯೆತ್ತಿದನೆಂದು
ನಾಲ್ಕು ಸಲ ನೋಡಿಯೂ ತಿಳಿಯದೆ
ಇದೇನು ನಟನೆ, ಎಂದು ಬೈದುಕೊಂಡಿದ್ದಳಂತೆ.
ಚೀಟಿ ಓದಿದ ದಿನ ಟೀವಿಯ ಮುಂದೆ ನಿಂತು
ಆ ಹುಡುಗನಿಗೆ (ಈಗ ಇದ್ದಾನೋ ಇಲ್ಲವೋ)
ಎರಡೂ ಕೈಯಲ್ಲಿ ಕ್ಷಮೆ ಕೇಳಿದಳು.

ಗೋಡೆ ತುಂಬಿತು. ಅಕಾರಾದಿ ಇಲ್ಲ, ದೇಶವಾರು ಇಲ್ಲ.
ಗದ್ದಲದವು ಕೆಳಗೆ, ಒಲೆಯ ಪಕ್ಕ.
ಪಿಸುಮಾತಿನವು ಮೇಲೆ, ಸ್ಟೂಲು ಹತ್ತಿದರೆ ಮಾತ್ರ.
ಎರಡು ಡಿಸ್ಕು ಕಂಚುಬಣ್ಣಕ್ಕೆ ತಿರುಗಿ ಸತ್ತವು.
ಎಸೆಯೋಣವೇ ಅಂದರೆ ಚೀಟಿ ಎತ್ತಿ ತೋರಿಸಿದಳು:
ಚಿತ್ರ ಇದರಲ್ಲಿದೆ.

ಬೆಟ್ಟದಿಂದ ಬೋರಾ ಗಾಳಿ ಇಳಿದ ರಾತ್ರಿ
ಊರಿನ ಕಸದ ಡಬ್ಬಿಯೆಲ್ಲ ಸಮುದ್ರಕ್ಕೆ ಓಡುವಾಗ
ನನಗೆ ಒಂದಕ್ಷರ ಕೇಳದು.
ಇಡೀ ಬೀದಿಯಲ್ಲಿ ಅವಳೊಬ್ಬಳೇ
ಕಾಲು ಚಾಚಿ, ನೆಮ್ಮದಿಯಾಗಿ, ಸಿನಿಮಾ ನೋಡುತ್ತಾಳೆ.

ಹೋದ ಚಳಿಗಾಲ ಬೋರಾ ನಿಂತ ಮೇಲೂ
ನನ್ನ ಕಿವಿಯಲ್ಲಿ ಗುಂಯ್ ನಿಲ್ಲಲಿಲ್ಲ.
ವೈದ್ಯೆ ಒಂದು ಗೆರೆ ತೋರಿಸಿದಳು, ಕಾಗದದ ಮೇಲೆ
ಮೆಟ್ಟಿಲಿಳಿದಂತೆ ಇಳಿಯುವ ಗೆರೆ.
ಮನೆಯಲ್ಲಿ ಹೇಳಲಿಲ್ಲ. ಚೀಟಿ ಬರೆಯುತ್ತಲೇ ಇದ್ದೆ,
ಕೇಳಿಸಿದಷ್ಟು, ಊಹಿಸಿದಷ್ಟು.

ಮೊನ್ನೆ ಹಂಗೇರಿಯದೊಂದು ಡಬ್ಬಿ ತೆರೆದರೆ
ನನ್ನ ಸಾಲುಗಳ ಕೆಳಗೆ ಅವಳ ಪೆನ್ಸಿಲು:

೩೬: ಕೆಟಲ್. ಆವಿ ಕಾಣುತ್ತದೆ. ನೀನು ಬರೆದಿಲ್ಲ.
೫೦: ಕುದುರೆ ಕಲ್ಲು ಕೆರೆಯಿತು, ಕಿಡಿ ಹಾರಿತು. ಬರೆದಿಲ್ಲ.
೫೩: ಹುಡುಗಿಯ ತುಟಿ ನೋಡು. ಸಿಳ್ಳೆ.
ಯಾವಾಗಿನಿಂದ?

ಅವಳು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು.
ಹಿಟ್ಟು ನಾದುತ್ತಿದ್ದಳು. ಸದ್ದು ಇದ್ದಿರಬೇಕು.
ರಸೀದಿಯಲ್ಲಿ ಜಾಗ ಉಳಿದಿರಲಿಲ್ಲ.
ಅಂಚಿನಲ್ಲಿ, ಮೂಟೆಯ ತೂಕ ಅಚ್ಚಾದ ಅಂಕಿಯ ಮಗ್ಗುಲಿಗೆ
ಎರಡೇ ಪದ ಹಿಡಿಸಿದವು:
ಹಕ್ಕಿಗಳು ಮೊದಲು.